ತೊಗರಿ ಸಾಲು, ಜಗಲಿ ಬ್ಯಾಂಕು: ಹಸಿದವರು ಉಳಿತಾಯ ಮಾಡುವುದು ಹೇಗೆ?

ಪ್ರಶ್ನೆ: ನನ್ನ ತಮ್ಮ ಆಫ್ರಿಕಾದ ಮಲಾವಿ ದೇಶದ ಮ್ಜೂಜೂ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ಹಳ್ಳಿಗಳಲ್ಲಿ ಚರ್ಚ್‌ನವರು ತೊಗರಿ, ಶೇಂಗಾ ಬೆಳೆಯುವುದನ್ನು ಹೇಳಿಕೊಡುತ್ತಾರಂತೆ. ಹೆಂಗಸರು ಮರದ ಕೆಳಗೆ ಕೂತು ಕಬ್ಬಿಣದ ಪೆಟ್ಟಿಗೆಯಲ್ಲಿ ದುಡ್ಡು ಕೂಡಿಡುತ್ತಾರಂತೆ. ಊಟಕ್ಕೇ ಪರದಾಡುವವರು ಉಳಿತಾಯ ಹೇಗೆ ಮಾಡುತ್ತಾರೆ? ಇದೆಲ್ಲ ಜನರನ್ನು ತಮ್ಮ ಮತಕ್ಕೆ ಸೆಳೆಯಲು ಮಾಡುವುದಾ? ನಾವು ನಾಲ್ಕೈದು ಗೆಳತಿಯರು ಸೇರಿ ಸ್ವಲ್ಪ ಹಣ ಕಳಿಸೋಣ ಅಂತಿದ್ದೇವೆ. ಕಳಿಸಬಹುದಾ? — ದಾವಣಗೆರೆಯ ಓದುಗರು

ಉತ್ತರ: ನೀವು ದಾವಣಗೆರೆಯವರು ಅಂದಮೇಲೆ ಮೆಕ್ಕೆಜೋಳದ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಕಡೆಯ ಜೋಳ ಬಹುಪಾಲು ಕೋಳಿ ಮೇವಿಗೆ ಹೋಗುತ್ತದೆ. ಮಲಾವಿಯಲ್ಲಿ ಅದೇ ಜೋಳ ಜನರ ಊಟ. ಹಿಟ್ಟನ್ನು ಕುದಿಸಿ, ತಿರುವಿ, ನಮ್ಮ ಮುದ್ದೆಯ ಹಾಗೆ ಮಾಡುತ್ತಾರೆ. ಅದಕ್ಕೆ ನ್ಸಿಮಾ ಅನ್ನುತ್ತಾರೆ. ಬೇರೆ ಏನೇ ತಿಂದಿದ್ದರೂ ನ್ಸಿಮಾ ಇಲ್ಲದಿದ್ದರೆ ಊಟ ಆಯಿತು ಅಂತ ಹೇಳುವುದಿಲ್ಲ.

ಈಗ ಆ ಜೋಳದ ಕ್ಯಾಲೆಂಡರ್ ನೋಡಿ. ಅಲ್ಲಿ ಮಳೆ ಬರುವುದು ವರ್ಷಕ್ಕೆ ಒಂದೇ ಸಲ. ನವೆಂಬರ್ ಸುಮಾರಿಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. ಕೊಯ್ಲು ಏಪ್ರಿಲ್, ಮೇ ತಿಂಗಳಲ್ಲಿ. ಕೊಯ್ಲಾದಾಗ ಮನೆ ತುಂಬ ಜೋಳ ಇರುತ್ತದೆ, ಬೆಲೆ ಇರುವುದಿಲ್ಲ. ಆದರೂ ಸಾಲ ತೀರಿಸಬೇಕು, ಮಕ್ಕಳ ಶಾಲೆಗೆ ಕಟ್ಟಬೇಕು, ಉಪ್ಪು ಸೋಪು ತರಬೇಕು. ಹಾಗಾಗಿ ಅಗ್ಗಕ್ಕೆ ಮಾರುತ್ತಾರೆ. ಡಿಸೆಂಬರ್ ಬರುವ ಹೊತ್ತಿಗೆ ಕಣಜ ಖಾಲಿ. ಅಲ್ಲಿಂದ ಮಾರ್ಚ್‌ವರೆಗೆ ಹಸಿವಿನ ತಿಂಗಳುಗಳು. ತಾವೇ ಮಾರಿದ ಜೋಳವನ್ನು ಆಗ ದುಬಾರಿ ಬೆಲೆಗೆ ಕೊಳ್ಳಬೇಕು.

ಕೊಳ್ಳಲು ದುಡ್ಡು ಎಲ್ಲಿಂದ? ಇದ್ದವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಆ ಕೂಲಿಗೆ ಅಲ್ಲಿ ಗನ್ಯು ಅಂತ ಹೆಸರು. ಜನವರಿಯಲ್ಲಿ ಎಲ್ಲರ ಹೊಲದಲ್ಲೂ ಕಳೆ ಏಳುತ್ತದೆ. ಗನ್ಯುಗೆ ಹೋದ ತಾಯಿ ಬೇರೆಯವರ ಹೊಲದ ಕಳೆ ಕೀಳುತ್ತಾಳೆ, ಅವಳ ಹೊಲದ ಕಳೆ ಹಾಗೇ ಉಳಿಯುತ್ತದೆ. ಅವಳ ಇಳುವರಿ ಕುಸಿಯುತ್ತದೆ. ಮುಂದಿನ ವರ್ಷ ಕಣಜ ಇನ್ನೂ ಬೇಗ ಖಾಲಿಯಾಗುತ್ತದೆ. ಈ ವರ್ಷದ ಹಸಿವು ಮುಂದಿನ ವರ್ಷದ ಹಸಿವನ್ನು ಬಿತ್ತುತ್ತದೆ.

ನಾನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮಹಿಳಾ ಸಂಘಗಳ ಜೊತೆ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿಂದ ಕಲಿತ ಒಂದು ಮಾತನ್ನು ನಿಮ್ಮ ಮುಂದೆ ಇಡುತ್ತೇನೆ. ಹಳ್ಳಿಯ ಹಸಿವು ಎಷ್ಟೋ ಸಲ "ಇಲ್ಲ" ಅನ್ನುವ ಹಸಿವಲ್ಲ. "ಆಗ ಇತ್ತು, ಈಗ ಇಲ್ಲ" ಅನ್ನುವ ಹಸಿವು. ಮೇ ತಿಂಗಳಲ್ಲಿ ಇರುವುದನ್ನು ಜನವರಿವರೆಗೆ ಕಾಪಾಡುವ ದಾರಿ ಇಲ್ಲದಿರುವುದೇ ಕಷ್ಟ. ನಿಮ್ಮ ತಮ್ಮ ನೋಡಿದ ತೊಗರಿಯೂ ಪೆಟ್ಟಿಗೆಯೂ ಎರಡೂ ಇದೇ ಕೆಲಸಕ್ಕೆ ಇರುವಂಥವು.

ಮೊದಲು ತೊಗರಿಯ ಕತೆ. ಮ್ಜೂಜೂವಿಗೆ ಹತ್ತಿರದಲ್ಲೇ ಎಕ್ವೆಂಡೆನಿ ಅಂತ ಊರಿದೆ. ಅಲ್ಲೊಂದು ಮಿಷನ್ ಆಸ್ಪತ್ರೆ. ಅದನ್ನು ನಡೆಸುವುದು ಮಧ್ಯ ಆಫ್ರಿಕಾದ ಪ್ರೆಸ್ಬಿಟೇರಿಯನ್ ಚರ್ಚ್‌ನ ಲಿವಿಂಗ್‌ಸ್ಟೋನಿಯಾ ಸಿನೊಡ್, ಅಂದರೆ ಆ ಚರ್ಚ್‌ನ ಉತ್ತರ ಮಲಾವಿಯ ಆಡಳಿತ ಮಂಡಳಿ. 1990ರ ದಶಕದ ಕೊನೆಯಲ್ಲಿ ಆ ಆಸ್ಪತ್ರೆಗೆ ಸೊರಗಿದ ಮಕ್ಕಳು ಬರುತ್ತಲೇ ಇದ್ದರು. ಆಸ್ಪತ್ರೆಯಲ್ಲಿ ಹಾಲು, ಗಂಜಿ ಕೊಟ್ಟು ಮಗುವನ್ನು ಉಳಿಸಿ ಮನೆಗೆ ಕಳಿಸಬಹುದು. ಆದರೆ ಮನೆಯಲ್ಲಿ ಕಾಯುತ್ತಿರುವುದು ಅದೇ ಖಾಲಿ ಕಣಜ ಅಲ್ವಾ? ಎಸ್ತರ್ ಲುಪಾಫ್ಯಾ ಎಂಬ ದಾದಿ ಮಕ್ಕಳ ಮನೆಯವರನ್ನೇ ಕೂರಿಸಿ ಕೇಳಿದರು. ಹೊಲದಲ್ಲಿ ಏನಾಗಿದೆ, ಯಾಕೆ ಬೆಳೆಯುತ್ತಿಲ್ಲ ಅಂತ.

ಉತ್ತರ ಗೊಬ್ಬರದ ಕಡೆ ಹೋಯಿತು. ಆ ದಶಕದಲ್ಲಿ ಮಲಾವಿ ಸರ್ಕಾರ ಗೊಬ್ಬರದ ಸಹಾಯಧನವನ್ನು ತೆಗೆಯುತ್ತಾ ಬಂದಿತ್ತು. ದೇಶದ ಹಣವಾದ ಕ್ವಾಚಾದ ಬೆಲೆಯೂ ಬಿದ್ದಿತ್ತು. ಚೀಲದ ಗೊಬ್ಬರ ಸಣ್ಣ ರೈತರ ಕೈಗೆ ಸಿಗದಂತಾಯಿತು. ಹೊಲದಲ್ಲಿ ವರ್ಷ ವರ್ಷವೂ ಬರೀ ಜೋಳ. ಜೋಳ ನೆಲದ ಸಾರವನ್ನು ಹೀರುವ ಬೆಳೆ. ಗೊಬ್ಬರ ನಿಂತಾಗ ನೆಲವೂ ಸುಸ್ತಾಗಿ ಕೈಚೆಲ್ಲಿತು.

2000ನೇ ಇಸವಿಯಲ್ಲಿ ಲುಪಾಫ್ಯಾ ಅವರೂ ಕೆನಡಾದ ಸಂಶೋಧಕಿ ರೇಚಲ್ ಬೆಜ್ನರ್ ಕೆರ್ ಅವರೂ ಹಳ್ಳಿಯ ರೈತರ ಜೊತೆ ಸೇರಿ ಒಂದು ಯೋಜನೆ ಶುರು ಮಾಡಿದರು. ಅದರ ಹೆಸರೇ "ಮಣ್ಣು, ಆಹಾರ ಮತ್ತು ಆರೋಗ್ಯವಂತ ಸಮುದಾಯ". ಆಸ್ಪತ್ರೆಯೊಂದು ಮಣ್ಣಿನಿಂದ ಮದ್ದು ಶುರು ಮಾಡಿದ್ದು ನನಗೆ ಈಗಲೂ ತುಂಬಾ ದೊಡ್ಡ ಮಾತು ಅನ್ನಿಸುತ್ತದೆ. ಕೆಲವೇ ಹಳ್ಳಿಗಳಿಂದ, ಹಳ್ಳಿಯವರೇ ಆರಿಸಿದ ರೈತ ಸಂಶೋಧಕರ ಒಂದು ಸಣ್ಣ ಗುಂಪಿನಿಂದ ಅದು ಮೊದಲಾಯಿತು. ಆಮೇಲೆ ಸಾವಿರಾರು ಮನೆಗಳಿಗೆ ಹರಡಿತು.

ಮಾಡಿದ ಕೆಲಸ ಕೇಳಿದರೆ ನಮ್ಮ ಅಜ್ಜಂದಿರಿಗೆ ಹೊಸದೇನೂ ಅನ್ನಿಸುತ್ತಿರಲಿಲ್ಲ. ಒಂದೇ ಹೊಲದಲ್ಲಿ ಶೇಂಗಾ ಮತ್ತು ತೊಗರಿ ಕೂಡಿಸಿ ಬಿತ್ತಿದರು. ಶೇಂಗಾ ಬೇಗ ಬರುತ್ತದೆ, ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ತೊಗರಿ ಮೊದಲ ತಿಂಗಳುಗಳಲ್ಲಿ ನಿಧಾನ, ಶೇಂಗಾ ಕಿತ್ತ ಮೇಲೆ ಎತ್ತರಕ್ಕೆ ಎದ್ದು ಹರಡುತ್ತದೆ. ಹಾಗಾಗಿ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಎರಡರ ಬೇರುಗಂಟುಗಳಲ್ಲೂ ಗಾಳಿಯ ಸಾರಜನಕವನ್ನು ಹಿಡಿಯುವ ಸೂಕ್ಷ್ಮಜೀವಿಗಳಿರುತ್ತವೆ. ತೊಗರಿ ಎಲೆ ಉದುರಿಸಿ ನೆಲಕ್ಕೆ ಹೊದಿಕೆ ಹಾಕುತ್ತದೆ. ಕೊಯ್ಲಾದ ಕೂಡಲೇ ಆ ಸೊಪ್ಪು ಸದೆಯನ್ನೆಲ್ಲ ಮಣ್ಣಿಗೆ ಸೇರಿಸಿ ಮುಚ್ಚಿದರು. ಮುಂದಿನ ವರ್ಷ ಅಲ್ಲೇ ಜೋಳ ಹಾಕಿದರು. ನಮ್ಮಲ್ಲಿ ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುವ ಅಕ್ಕಡಿ ಸಾಲು ಇದೆಯಲ್ಲ, ಇದೂ ಅದೇ ಬುದ್ಧಿ.

ಅಲ್ಲಿ ಬೆಳೆ ಕೂಳೆಯನ್ನು ಸುಡುವ ರೂಢಿ ಇತ್ತು. ಅದಕ್ಕೆ ಕಾರಣವೂ ಇತ್ತು. ಹೊಲಕ್ಕೆ ಬೆಂಕಿ ಹಾಕಿದರೆ ಇಲಿಗಳು ಹೊರಗೆ ಬರುತ್ತವೆ, ಹಿಡಿದು ತಿನ್ನಬಹುದು. ಮಾಂಸ ಕಾಣದ ಮನೆಗೆ ಅದು ಸಣ್ಣ ವಿಷಯ ಅಲ್ಲ. ಹಾಗಾಗಿ "ಸುಡಬೇಡಿ" ಅಂತ ಹೇಳಿ ಬಂದರೆ ಸಾಲುವುದಿಲ್ಲ. ಸುಡದೆ ಬಿಟ್ಟ ಹೊಲದ ಜೋಳವನ್ನು ಪಕ್ಕದ ಹೊಲದವರು ಕಣ್ಣಾರೆ ನೋಡಬೇಕು. ಅದಕ್ಕೇ ಪ್ರಯೋಗ ಮಾಡುವವರು ಆ ಊರಿನ ರೈತರೇ ಆಗಿದ್ದರು. ಇನ್ನೊಂದು ತೊಡಕು ಮೇಕೆ, ದನ. ಜೋಳ ಕೊಯ್ದ ಮೇಲೆ ಜಾನುವಾರುಗಳನ್ನು ಊರ ತುಂಬ ಬಿಡುತ್ತಾರೆ. ತೊಗರಿ ಆಗ ಇನ್ನೂ ಹಸಿರಾಗಿ ನಿಂತಿರುತ್ತದೆ. ಒಂದೇ ದಿನದಲ್ಲಿ ಮೇದುಬಿಡುತ್ತವೆ. ಇದನ್ನು ಯಾವ ಬೀಜ ತಜ್ಞರೂ ಬಿಡಿಸಲಾರರು. ಊರಿನ ಮುಖ್ಯಸ್ಥರು, ಹಿರಿಯರು ಕೂತು ಕಟ್ಟುಪಾಡು ಮಾಡಬೇಕು.

ಮನೆಯೊಳಗಿನ ಕೆಲಸ ಇದಕ್ಕಿಂತ ಕಷ್ಟದ್ದು. ಶೇಂಗಾ ಬೆಳೆದ ಮಾತ್ರಕ್ಕೆ ಮಗುವಿನ ಬಾಯಿಗೆ ಬೀಳುತ್ತದೆ ಅಂತಿಲ್ಲ. ಶೇಂಗಾಕ್ಕೆ ಪೇಟೆಯಲ್ಲಿ ಬೆಲೆ ಇದೆ. ಗಂಡ ಮಾರಿ ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಹೆಂಡತಿಗೆ ಗೊತ್ತಾಗುವುದಿಲ್ಲ. ಸೊಪ್ಪು ಮುಚ್ಚುವ ಕೆಲಸವೂ ಹೆಂಗಸಿನ ತಲೆ ಮೇಲೆ ಬೀಳುತ್ತದೆ. ಎಳೆ ಮಗುವಿಗೆ ಯಾವಾಗ ಏನು ತಿನ್ನಿಸಬೇಕು ಅನ್ನುವುದನ್ನು ಅತ್ತೆ, ಅಜ್ಜಿಯರು ತೀರ್ಮಾನ ಮಾಡುತ್ತಾರೆ. ಬರೀ ಎಳೆ ತಾಯಂದಿರಿಗೆ ಪಾಠ ಹೇಳಿದರೆ ಏನು ಬಂತು? ಎಕ್ವೆಂಡೆನಿಯಲ್ಲಿ ಅಜ್ಜಿಯರು, ಎಳೆ ತಾಯಂದಿರು, ಗಂಡಸರು ಅಂತ ಬೇರೆ ಬೇರೆ ಗುಂಪಿನಲ್ಲಿ ಮಾತಾಡಿಸಿ, ಆಮೇಲೆ ಒಟ್ಟಿಗೆ ಕೂರಿಸಿದರು. ಅಡುಗೆ ದಿನ ಅಂತ ಮಾಡಿದರು. ಅಲ್ಲಿ ಗಂಡಸರೂ ಒಲೆ ಮುಂದೆ ಕೂತು ಸೋಯಾ, ತೊಗರಿ, ಶೇಂಗಾ ಹಾಕಿ ಅಡುಗೆ ಮಾಡಬೇಕು. ಎಷ್ಟೋ ಗಂಡಸರಿಗೆ ಅದು ಜೀವನದಲ್ಲಿ ಮೊದಲ ಸಲ. ನನ್ನ ಅನುಭವದಲ್ಲಿ ಇಡೀ ಕಾರ್ಯಕ್ರಮ ನಿಲ್ಲುವುದೋ ಬೀಳುವುದೋ ಗೊತ್ತಾಗುವುದು ಇಂಥ ಕಡೆ. ಬೀಜ ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವ ಯೋಜನೆಗಳು ಒಲೆಯವರೆಗೆ ಬರುವುದೇ ಇಲ್ಲ.

ಫಲ ಏನಾಯಿತು? ಸಂಶೋಧಕರು ಮಕ್ಕಳನ್ನು ವರ್ಷಗಳ ಕಾಲ ತೂಗಿ ನೋಡಿದರು. ಯೋಜನೆಯಲ್ಲಿದ್ದ ಹಳ್ಳಿಗಳ ಮಕ್ಕಳ ತೂಕ ಮೊದಲಿಗಿಂತ ಸುಧಾರಿಸಿತು. ಹೆಚ್ಚು ವರ್ಷ ತೊಡಗಿಕೊಂಡಿದ್ದ ಹಳ್ಳಿಗಳಲ್ಲಿ ಅದು ಚೆನ್ನಾಗಿ ಕಂಡಿತು. ಆ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ.

ತೊಗರಿಯ ವಿಷಯದಲ್ಲಿ ನಮ್ಮ ನಾಡಿಗೂ ಒಂದು ನೇರ ಸಂಬಂಧ ಇದೆ. ತೊಗರಿಯ ತವರು ಭಾರತ. ಈಗ ಮಲಾವಿ, ಮೊಜಾಂಬಿಕ್, ಟಾಂಜಾನಿಯಾ ದೇಶಗಳ ತೊಗರಿಗೆ ದೊಡ್ಡ ಗಿರಾಕಿಯೂ ಭಾರತವೇ. 2016-17ರಲ್ಲಿ ನಮ್ಮಲ್ಲಿ ತೊಗರಿ ಭರ್ಜರಿಯಾಗಿ ಬಂತು, ಕಲಬುರಗಿಯ ರೈತರಿಗೆ ಬೆಲೆ ಸಿಗಲಿಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆಮದಿಗೆ ಮಿತಿ ಹಾಕಿತು. ಕಲಬುರಗಿಯ ಕಡೆಯಿಂದ ನೋಡಿದರೆ ಆ ತೀರ್ಮಾನ ಬೇಕಿತ್ತು. ಆದರೆ ಅದರ ಪೆಟ್ಟು ಮಲಾವಿಯ ಸಣ್ಣ ರೈತರಿಗೆ ಬಿತ್ತು, ಅಲ್ಲಿ ತೊಗರಿ ಬೆಲೆ ನೆಲಕಚ್ಚಿತು. 2021ರಲ್ಲಿ ಭಾರತ ಮಲಾವಿಯಿಂದ ವರ್ಷಕ್ಕೆ 50,000 ಟನ್ ತೊಗರಿ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ನಿಮ್ಮ ಮನೆಯ ಸಾರಿನಲ್ಲಿ ಒಮ್ಮೊಮ್ಮೆ ಆ ಬೇಳೆ ಬೆಂದಿರಬಹುದು. ಬೆಳೆದದ್ದು ಮೊದಲು ಮಡಕೆಗೆ ಬೀಳಬೇಕು, ಮಿಕ್ಕಿದ್ದು ಪೇಟೆಗೆ ಹೋಗಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ದೂರದ ದೇಶದ ಒಂದು ಆದೇಶದಿಂದ ಮಗುವಿನ ಊಟ ನಿಲ್ಲಬಾರದು.

ಚರ್ಚ್‌ಗಳು ಹೇಳಿಕೊಡುವ ಬೇಸಾಯ ಎಲ್ಲ ಕಡೆ ಹೀಗೇ ಇಲ್ಲ. ಜಿಂಬಾಬ್ವೆಯಲ್ಲಿ ಬ್ರಯಾನ್ ಓಲ್ಡ್‌ರೀವ್ ಎಂಬ ರೈತರು 1980ರ ದಶಕದಲ್ಲಿ ಉಳುಮೆ ಬಿಟ್ಟರು. ಗುದ್ದಲಿಯಿಂದ ಗುಣಿ ತೋಡಿ, ಗುಣಿಗೆ ಗೊಬ್ಬರ ಹಾಕಿ ಬಿತ್ತಿ, ನೆಲಕ್ಕೆ ಹುಲ್ಲು ಹೊದಿಸಿದರು. ದೇವರು ಕಾಡಿನ ನೆಲವನ್ನು ಬೋಳಾಗಿ ಬಿಡುವುದಿಲ್ಲ, ನಾವೂ ಬಿಡಬಾರದು ಅನ್ನುವುದು ಅವರ ನಂಬಿಕೆ. ಅದು ಚರ್ಚ್‌ಗಳ ಮೂಲಕ ಆಫ್ರಿಕಾದ ತುಂಬ ಹರಡಿತು. 2020ರಲ್ಲಿ ಜಿಂಬಾಬ್ವೆ ಸರ್ಕಾರವೇ ಅದನ್ನು ಪ್ಫುಂವುದ್ಜಾ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ತಂದಿತು. 39 ಮೀಟರ್ ಉದ್ದ, 16 ಮೀಟರ್ ಅಗಲದ ತುಂಡು ನೆಲ. 52 ಸಾಲು, ಸಾಲಿಗೆ 28 ಗುಣಿ. ಒಂದು ಸಾಲಿನ ಜೋಳ ಒಂದು ಮನೆಗೆ ಒಂದು ವಾರಕ್ಕೆ ಅಂತ ಲೆಕ್ಕ. ವರ್ಷದ 52 ವಾರವನ್ನು ಹೊಲದಲ್ಲೇ ಬರೆದಿಟ್ಟ ಹಾಗೆ ಇದೆ. ಓದು ಬಾರದವರಿಗೂ ಹಸಿವಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ಆದರೆ ಗುಣಿ ತೋಡುವುದು ಬೆನ್ನು ಮುರಿಯುವ ಕೆಲಸ. ಅಲ್ಲಿನ ಜನ ಅದಕ್ಕೆ "ತೋಡಿ ಸಾಯಿ" ಅಂತಲೇ ಅಡ್ಡಹೆಸರು ಇಟ್ಟಿದ್ದರು. ದನ ಇರುವ ಕಡೆ ಹೊದಿಕೆಗೆ ಹುಲ್ಲೂ ಸಿಗುವುದಿಲ್ಲ. ವಯಸ್ಸಾದವರು, ಕಾಯಿಲೆಯವರು ಇರುವ ಮನೆಗೆ ಇದನ್ನು ಹೇರುವುದು ನನಗೆ ಒಪ್ಪಿಗೆ ಇಲ್ಲ. ಅವರಿಗೆ ತೊಗರಿ, ಶೇಂಗಾದ ದಾರಿಯೇ ವಾಸಿ.

ಈಗ ಪೆಟ್ಟಿಗೆಗೆ ಬರುತ್ತೇನೆ. ಮಲಾವಿಯಲ್ಲಿ ಇದಕ್ಕೆ "ಬಂಕಿ ಮ್ಖೊಂಡೆ" ಅನ್ನುತ್ತಾರೆ. ಮ್ಖೊಂಡೆ ಅಂದರೆ ಜಗಲಿ. ಜಗಲಿ ಬ್ಯಾಂಕು! ಕೇಳಿದಾಗ ಎಷ್ಟು ನಮ್ಮದು ಅನ್ನಿಸುತ್ತದೆ, ಅಲ್ವಾ? ಈ ಕ್ರಮ ಹುಟ್ಟಿದ್ದು 1991ರಲ್ಲಿ, ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ. ಕೇರ್ ಎಂಬ ಸಂಸ್ಥೆ ಅಲ್ಲಿನ ಹೆಂಗಸರ ಚೀಟಿ ಗುಂಪುಗಳನ್ನು ನೋಡಿ, ಅದಕ್ಕೆ ಕೆಲವು ಕಟ್ಟುಪಾಡು ಸೇರಿಸಿತು. ಆಮೇಲೆ ಕ್ಯಾಥೊಲಿಕ್, ಆಂಗ್ಲಿಕನ್, ಪ್ರೆಸ್ಬಿಟೇರಿಯನ್ ಸಂಸ್ಥೆಗಳೆಲ್ಲ ತಮ್ಮ ಹಳ್ಳಿಗಳಿಗೆ ಕೊಂಡೊಯ್ದವು.

ಇಪ್ಪತ್ತು ಇಪ್ಪತ್ತೈದು ಜನರ ಗುಂಪು. ವಾರಕ್ಕೊಮ್ಮೆ ಸಭೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಕೀಲಿ. ಒಂದೊಂದು ಕೀಲಿ ಒಬ್ಬೊಬ್ಬರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಎಲ್ಲರೂ ಕೂತಾಗ ಮಾತ್ರ ತೆಗೆಯುತ್ತಾರೆ. ಪ್ರತಿಯೊಬ್ಬರೂ ವಾರಕ್ಕೆ ಒಂದರಿಂದ ಐದು ಷೇರು ಕೊಳ್ಳಬಹುದು. ಷೇರಿಗೊಂದು ಮುದ್ರೆ ಪುಸ್ತಕದಲ್ಲಿ. ಓದಲು ಬಾರದವರೂ ಮುದ್ರೆ ಎಣಿಸಬಹುದು. ಕೂಡಿದ ದುಡ್ಡಿನಿಂದ ಸದಸ್ಯರಿಗೇ ಸಾಲ, ತಾವೇ ನಿಗದಿ ಮಾಡಿದ ಬಡ್ಡಿಗೆ. ಕಾಯಿಲೆ, ಸಾವು ಅಂದಾಗ ಕೊಡಲು ಬೇರೆ ಸಣ್ಣ ನಿಧಿ. ಒಂಬತ್ತರಿಂದ ಹನ್ನೆರಡು ತಿಂಗಳಾದ ಮೇಲೆ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ, ಷೇರಿನ ಪ್ರಕಾರ ಹಂಚುತ್ತಾರೆ. ಮತ್ತೆ ಹೊಸದಾಗಿ ಶುರು.

ನಮ್ಮ ರೂಪಾಯಿಯಲ್ಲಿ ಒಂದು ಲೆಕ್ಕ ಹಾಕೋಣ. ಇಪ್ಪತ್ತು ಜನ, ಷೇರಿಗೆ 10 ರೂಪಾಯಿ, ಸರಾಸರಿ ವಾರಕ್ಕೆ ಮೂರು ಷೇರು. ವಾರಕ್ಕೆ 600 ರೂಪಾಯಿ ಕೂಡುತ್ತದೆ. 52 ವಾರಕ್ಕೆ 31,200. ಒಬ್ಬೊಬ್ಬರ ಪಾಲು 1,560, ಜೊತೆಗೆ ಬಡ್ಡಿ. ಈ ಬಡ್ಡಿ ಬೇರೆ ಯಾರ ಜೇಬಿಗೂ ಹೋಗಿಲ್ಲ, ಅವರಿಗೇ ವಾಪಸ್ ಬಂದಿದೆ. ನಿಮಗೆ ಇದು ಸಣ್ಣ ಮೊತ್ತ ಅನ್ನಿಸಬಹುದು. ಆದರೆ ಹಂಚುವ ದಿನವನ್ನು ಮಳೆಗೆ ಸ್ವಲ್ಪ ಮೊದಲು ಇಟ್ಟುಕೊಂಡರೆ, ಅದೇ ಬೀಜ, ಅದೇ ಗೊಬ್ಬರ. ಹಸಿವಿನ ತಿಂಗಳಿಗೆ ಇಟ್ಟುಕೊಂಡರೆ ಅದೇ ಎರಡು ಚೀಲ ಹಿಟ್ಟು. ಆ ತಾಯಿ ಜನವರಿಯಲ್ಲಿ ಗನ್ಯುಗೆ ಹೋಗುವ ಬದಲು ತನ್ನ ಹೊಲದ ಕಳೆ ಕೀಳುತ್ತಾಳೆ. ಅಲ್ಲಿಂದ ಚಕ್ರ ಉಲ್ಟಾ ತಿರುಗಲು ಶುರುವಾಗುತ್ತದೆ.

ಹಾಗಾದರೆ "ಊಟಕ್ಕೇ ಇಲ್ಲದವರು ಹೇಗೆ ಉಳಿಸುತ್ತಾರೆ" ಅನ್ನುವುದಕ್ಕೆ ಉತ್ತರ ಸಿಕ್ಕಿತಲ್ಲ. ಅವರು ಜನವರಿಯಲ್ಲಿ ಉಳಿಸುವುದಿಲ್ಲ, ಜೂನ್‌ನಲ್ಲಿ ಉಳಿಸುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಇದ್ದಾಗ ಅದು ಮನೆಯಲ್ಲಿ ನಿಲ್ಲುವುದಿಲ್ಲ. ನೆಂಟರು ಕೇಳುತ್ತಾರೆ, ಗಂಡ ಕೇಳುತ್ತಾನೆ, ಮಗು ಬಿಸ್ಕತ್ತು ಕೇಳುತ್ತದೆ. ಯಾರಿಗೂ ಇಲ್ಲ ಅನ್ನಲಾಗುವುದಿಲ್ಲ. "ಸಂಘಕ್ಕೆ ಕಟ್ಟಿದೆ" ಅಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ನಮ್ಮ ಸಂಘದ ಹೆಂಗಸರು ನನಗೆ ಹೇಳಿದ್ದೂ ಇದನ್ನೇ. ಮೂರು ಬೀಗ ಇರುವುದು ಕಳ್ಳರಿಗೆ ಅಷ್ಟೇ ಅಲ್ಲ. ಸದಸ್ಯೆಗೆ "ಇಲ್ಲ" ಅನ್ನುವ ಶಕ್ತಿ ಕೊಡುವುದಕ್ಕೂ ಹೌದು. ಮಿಜೋರಾಂನ ಚರ್ಚ್ ಹೆಂಗಸರು ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಇಡುತ್ತಾರೆ. ಬುಹ್‌ಫಾಯ್ ಥಾಮ್ ಅಂತ ಅದರ ಹೆಸರು. ಹಾಗೆ ಕೂಡಿದ ಅಕ್ಕಿ ಮಾರಿ ಚರ್ಚ್ ಎಷ್ಟೋ ಕೆಲಸ ನಡೆಸಿದೆ. ಹಿಡಿ ಅಕ್ಕಿಯಲ್ಲಿ ಎಷ್ಟಾಗುತ್ತದೆ ಅಂತ ಅನ್ನಿಸುವವರಿಗೆ ಅದೊಂದು ಒಳ್ಳೆಯ ಉತ್ತರ.

ಉತ್ತರ ಮಲಾವಿಯ ಕರೊಂಗಾ ಜಿಲ್ಲೆಯಲ್ಲಿ ಇದೇ ಲಿವಿಂಗ್‌ಸ್ಟೋನಿಯಾ ಸಿನೊಡ್‌ನ ಅಭಿವೃದ್ಧಿ ವಿಭಾಗ ಜಗಲಿ ಬ್ಯಾಂಕುಗಳನ್ನು ನಡೆಸಿತು. ಡೆನ್ಮಾರ್ಕಿನ ಚರ್ಚ್ ನೆರವು ಸಂಸ್ಥೆ ಬೆಂಬಲ ಕೊಟ್ಟಿತ್ತು. 2009ರಿಂದ 2011ರವರೆಗೆ 46 ಹಳ್ಳಿಗಳಲ್ಲಿ ಅದನ್ನು ಅಳೆದು ನೋಡಿದರು. ಕೆಲವು ಹಳ್ಳಿಗಳಲ್ಲಿ ಮೊದಲು ಶುರು ಮಾಡಿ, ಉಳಿದವನ್ನು ಹೋಲಿಕೆಗೆ ಇಟ್ಟುಕೊಂಡರು. ಎರಡು ವರ್ಷದಲ್ಲಿ ದಿನಕ್ಕೆ ಎಷ್ಟು ಸಲ ಉಣ್ಣುತ್ತಾರೆ ಅನ್ನುವುದು ಹೆಚ್ಚಿತ್ತು. ಮನೆಯ ಖರ್ಚು ಮಾಡುವ ಶಕ್ತಿ ಹೆಚ್ಚಿತ್ತು, ಮನೆಗೆ ಕೋಣೆ ಸೇರಿತ್ತು. ಉಳಿತಾಯ ಮತ್ತು ಸಾಲ ಬೇಸಾಯಕ್ಕೆ, ಸಣ್ಣ ವ್ಯಾಪಾರಕ್ಕೆ ಹೋಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಘಾನಾ, ಉಗಾಂಡಾ, ಮಲಾವಿ ಮೂರೂ ದೇಶ ಸೇರಿಸಿ ಮಾಡಿದ ಇನ್ನೊಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. ಅದರಲ್ಲಿ ಉಳಿತಾಯ, ಸಾಲ, ಹೆಂಗಸರ ಮಾತಿಗೆ ಬೆಲೆ ಎಲ್ಲ ಹೆಚ್ಚಿತ್ತು. ಆದರೆ ಸರಾಸರಿಯಲ್ಲಿ ಊಟ, ಖರ್ಚು ಹೆಚ್ಚಿದ್ದು ಕಾಣಲಿಲ್ಲ. ಮಾಲಿ ದೇಶದಲ್ಲಿ ಇಂಥದೇ ಗುಂಪುಗಳನ್ನು ನೋಡಿದವರಿಗೆ ಹಸಿವು ತಗ್ಗಿದ್ದೂ ಜಾನುವಾರು ಹೆಚ್ಚಿದ್ದೂ ಕಂಡಿತು. ಹೀಗೆ ಊರಿಂದೂರಿಗೆ ಬೇರೆ ಬೇರೆ. ನನ್ನ ಅಭಿಪ್ರಾಯ ಹೀಗಿದೆ: ಪೆಟ್ಟಿಗೆ ಒಂದೇ ಇದ್ದರೆ ಅದು ಕಷ್ಟದ ಕಾಲಕ್ಕೆ ಆಸರೆ, ಅಷ್ಟೇ. ಪೆಟ್ಟಿಗೆಯ ಪಕ್ಕದಲ್ಲಿ ಹೊಲವೂ ಚೇತರಿಸಿಕೊಳ್ಳುತ್ತಿದ್ದರೆ ಆಗ ದುಡ್ಡಿಗೆ ಹೋಗಲು ಒಂದು ಜಾಗ ಸಿಗುತ್ತದೆ. ಅದಕ್ಕೇ ಎರಡನ್ನೂ ಜೋಡಿಸುವ ಕಾರ್ಯಕ್ರಮಗಳನ್ನು ನಾನು ಹೆಚ್ಚು ನಂಬುತ್ತೇನೆ.

ಕೆಡುವ ದಾರಿಗಳೂ ಇವೆ. ವರ್ಷದ ಕೊನೆಗೆ ಪೆಟ್ಟಿಗೆಯಲ್ಲಿ ದುಡ್ಡು ಜಾಸ್ತಿ ಇರುತ್ತದೆ, ಕಳ್ಳತನ ಆಗುವುದು ಆಗಲೇ. ಹಾಗಾಗಿ ಒಳ್ಳೆಯ ಗುಂಪುಗಳು ಹಣವನ್ನು ಸಾಲವಾಗಿ ಹೊರಗೇ ಓಡಾಡಿಸುತ್ತವೆ. ವಾರಕ್ಕೆ ಒಂದು ಷೇರೂ ಕಟ್ಟಲಾಗದವರು ಗುಂಪಿಗೇ ಬರುವುದಿಲ್ಲ. ಊರಿನ ಅತಿ ಬಡವರನ್ನು ಈ ಪೆಟ್ಟಿಗೆ ಮುಟ್ಟುವುದಿಲ್ಲ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಅವರಿಗೆ ಬೇರೆ ನೆರವು ಬೇಕು. ಹಣದ ಬೆಲೆ ಬೀಳುವುದು ಇನ್ನೊಂದು ಕಷ್ಟ. 2023ರ ನವೆಂಬರ್‌ನಲ್ಲಿ ಮಲಾವಿಯ ಕ್ವಾಚಾವನ್ನು ಒಂದೇ ಏಟಿಗೆ 44 ಶೇಕಡಾ ಇಳಿಸಿದರು. ಅಂಥ ಕಡೆ ನೋಟನ್ನು ಕೂಡಿಡುವುದಕ್ಕಿಂತ ಬೇಗ ಮೇಕೆಯನ್ನೋ ಗೊಬ್ಬರವನ್ನೋ ಕೊಳ್ಳುವುದು ಜಾಣತನ. ಇನ್ನು ಬರ ಬಂದರೆ ತೊಗರಿಯೂ ಪೆಟ್ಟಿಗೆಯೂ ಎಲ್ಲವನ್ನೂ ತಡೆಯಲಾರವು. 2024ರ ಮಾರ್ಚ್‌ನಲ್ಲಿ ಮಲಾವಿ ತನ್ನ 28 ಜಿಲ್ಲೆಗಳಲ್ಲಿ 23ರಲ್ಲಿ ವಿಪತ್ತು ಘೋಷಿಸಿತು. ಆಗ ಬೇಕಾದ್ದು ಧಾನ್ಯ, ಅದೂ ತಕ್ಷಣ.

ನಿಮ್ಮ ಎರಡನೆಯ ಪ್ರಶ್ನೆ ಮತದ ಬಗ್ಗೆ. ಕೇಳಿದ್ದು ತಪ್ಪಲ್ಲ, ನೇರವಾಗಿ ಹೇಳುತ್ತೇನೆ. ಮಲಾವಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಈಗಾಗಲೇ ಕ್ರೈಸ್ತರು. ಲಿವಿಂಗ್‌ಸ್ಟೋನಿಯಾ ಮಿಷನ್ ಸ್ಕಾಟ್‌ಲ್ಯಾಂಡಿನಿಂದ ಅಲ್ಲಿಗೆ ಬಂದದ್ದು 1875ರಲ್ಲಿ. ಇವತ್ತು ಅದು ಅಲ್ಲಿನ ಜನರದೇ ಚರ್ಚ್. ಪಾದ್ರಿ, ದಾದಿ, ಶಾಲೆಯ ಮೇಷ್ಟ್ರು ಎಲ್ಲ ಊರಿನವರೇ. ಹಾಗಾಗಿ ಅಲ್ಲಿ ಹೆಚ್ಚಿನ ಕಡೆ ಈ ಕೆಲಸ ಹೊರಗಿನವರು ಬಂದು ಮತಕ್ಕೆ ಸೆಳೆಯುವ ಕತೆ ಅಲ್ಲ. ಊರಿನ ದೊಡ್ಡ ಸಂಸ್ಥೆ ತನ್ನವರನ್ನು ನೋಡಿಕೊಳ್ಳುವ ಕತೆ. ನಮ್ಮಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾಯಿತಲ್ಲ. ಒಂದು ಶ್ರದ್ಧಾಕೇಂದ್ರ ಬೇಸಾಯ, ಉಳಿತಾಯದ ಕೆಲಸಕ್ಕೆ ಇಳಿಯುವುದು ಕನ್ನಡದವರಿಗೆ ಹೊಸದಲ್ಲ.

ಆದರೆ ಎಲ್ಲ ಕಡೆ ಕಣ್ಣುಮುಚ್ಚಿ ನಂಬಿ ಅಂತಲೂ ಹೇಳುವುದಿಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ದೊಡ್ಡ ಪರಿಹಾರ ಸಂಸ್ಥೆಗಳು ಒಂದು ನೀತಿಸಂಹಿತೆ ಒಪ್ಪಿಕೊಂಡವು. ನೆರವನ್ನು ಮತದ ಪ್ರಚಾರಕ್ಕೆ ಬಳಸಬಾರದು ಅಂತ ಅದರಲ್ಲಿದೆ. ಚರ್ಚ್ ಸಂಸ್ಥೆಗಳ ದೊಡ್ಡ ಒಕ್ಕೂಟಗಳೂ ಅದಕ್ಕೆ ಸೇರಿವೆ. ನಿಮ್ಮ ತಮ್ಮನಿಗೆ ಎರಡು ವಿಷಯ ವಿಚಾರಿಸಲು ಹೇಳಿ. ಆ ಚರ್ಚ್‌ಗೆ ಹೋಗದ ಮನೆಗೂ ಬೀಜ ಸಿಗುತ್ತದಾ? ಮುಸ್ಲಿಮರೂ ಬೇರೆ ಪಂಗಡದವರೂ ಕೀಲಿ ಹಿಡಿಯಬಹುದಾ? ಎರಡಕ್ಕೂ ಹೌದು ಅಂತ ಬಂದರೆ ಸಾಕು. ಇಲ್ಲ ಅಂತ ಬಂದರೆ ನಾನಾದರೆ ದೂರ ಉಳಿಯುತ್ತೇನೆ.

ಚರ್ಚ್‌ನ ನಿಜವಾದ ಶಕ್ತಿ ದುಡ್ಡಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯೋಜನೆಗಳು ಮೂರು ವರ್ಷಕ್ಕೆ ಬರುತ್ತವೆ, ಹೋಗುತ್ತವೆ. ಮಣ್ಣು ಚೇತರಿಸಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಆ ಚರ್ಚ್, ಆ ಆಸ್ಪತ್ರೆ ನೂರು ವರ್ಷದಿಂದ ಅಲ್ಲೇ ಇವೆ, ಮುಂದೆಯೂ ಇರುತ್ತವೆ. ಮದುವೆಗೂ ಮಣ್ಣಿಗೂ ಅವರೇ ಬರುತ್ತಾರೆ. ಹೆಂಗಸರ ಸಂಘ ಮೊದಲೇ ಇರುತ್ತದೆ. ಯಾರ ಕೈ ಶುದ್ಧ, ಯಾರ ಮಾತು ನಂಬಬಹುದು ಅಂತ ಎಲ್ಲರಿಗೂ ಗೊತ್ತು. ಮೂರು ಕೀಲಿ ಯಾರಿಗೆ ಕೊಡಬೇಕು ಅನ್ನುವುದನ್ನು ಹೊರಗಿನ ಅಧಿಕಾರಿ ಹೇಳಲಾರ.

ಕೊನೆಗೆ ನಿಮ್ಮ ಹಣ. ಇದಕ್ಕೆ ಒಂದು ಹಳೆಯ ಕತೆ ಹೇಳಲೇಬೇಕು, ಯಾಕೆಂದರೆ ಅದು ಗದಗ ಜಿಲ್ಲೆಯವರೆಗೆ ಬರುತ್ತದೆ. ಜರ್ಮನಿಯಲ್ಲಿ ಫ್ರೆಡ್ರಿಕ್ ರೈಫೈಸನ್ ಅಂತ ಒಬ್ಬರು ಹಳ್ಳಿಗಳ ಮೇಯರ್ ಇದ್ದರು, ತುಂಬಾ ದೈವಭಕ್ತರು. 1846-47ರ ಹಸಿವಿನ ಚಳಿಗಾಲದಲ್ಲಿ ಇದ್ದವರಿಂದ ಹಣ ಕೂಡಿಸಿ ಬಡವರಿಗೆ ಬ್ರೆಡ್ ಒದಗಿಸಿದರು. ಬರುಬರುತ್ತಾ ಅವರಿಗೆ ಒಂದು ಸತ್ಯ ತಿಳಿಯಿತು. ಇದ್ದವರ ದಯೆಯ ಮೇಲೆ ನಿಂತದ್ದು ಹೆಚ್ಚು ದಿನ ನಿಲ್ಲುವುದಿಲ್ಲ, ರೈತರು ತಾವೇ ಸೇರಿ ಕಟ್ಟಿದ್ದು ನಿಲ್ಲುತ್ತದೆ. 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ರೈತರದೇ ಸಾಲ ಸಂಘ ಕಟ್ಟಿದರು. ಮದ್ರಾಸಿನ ಅಧಿಕಾರಿ ಫ್ರೆಡ್ರಿಕ್ ನಿಕೋಲ್ಸನ್ ಅದನ್ನು ಅಭ್ಯಾಸ ಮಾಡಿ ಬಂದು, ನಮಗೂ ಇದೇ ಬೇಕು ಅಂದರು. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದರು. ದೇಶದ ಮೊಟ್ಟಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಅದೂ ಒಂದು. ಆಮೇಲೆ 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಇದೇ ಕರ್ನಾಟಕದಲ್ಲಿ ಸಣ್ಣ ಸ್ವಸಹಾಯ ಗುಂಪುಗಳನ್ನು ಕಟ್ಟಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಇವತ್ತು ದೇಶದ ತುಂಬ ಇರುವ ಸಂಘಗಳ ಹಿಂದೆ ಆ ಅನುಭವ ಇದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಆ ಹೆಂಗಸರ ಪೆಟ್ಟಿಗೆಯೊಳಗೆ ನಿಮ್ಮ ಹಣ ಹಾಕಬೇಡಿ. ಒಳ್ಳೆಯ ಮನಸ್ಸಿನಿಂದ ಹಾಕಿದ ಹೊರಗಿನ ಹಣ ಎಷ್ಟೋ ಸಂಘಗಳನ್ನು ಮುರಿದಿದೆ. ನಾನೇ ಕಂಡಿದ್ದೇನೆ. ತಮ್ಮ ಬೆವರಿನ ದುಡ್ಡು ಸಾಲ ಹೋದರೆ ಇಪ್ಪತ್ತು ಜೋಡಿ ಕಣ್ಣು ಅದನ್ನು ಕಾಯುತ್ತವೆ. ಬಿಟ್ಟಿ ಬಂದ ದುಡ್ಡು ಸಾಲ ಹೋದರೆ ವಾಪಸ್ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ನೋಡುತ್ತಾ ನೋಡುತ್ತಾ ಸಭೆ ನಿಲ್ಲುತ್ತದೆ, ಅವರದೇ ಉಳಿತಾಯವೂ ಹೋಗುತ್ತದೆ.

ಕಳಿಸುವುದಾದರೆ ಪೆಟ್ಟಿಗೆಯ ಹೊರಗಿನ ಖರ್ಚಿಗೆ ಕಳಿಸಿ. ಒಂದು ಹೊಸ ಗುಂಪಿಗೆ ಬೀಗ, ಪುಸ್ತಕ, ಮುದ್ರೆ ಬೇಕು. ಒಂದು ವರ್ಷ ಪ್ರತಿ ವಾರ ಬಂದು ಕಲಿಸುವವರಿಗೆ ಸೈಕಲ್ಲು, ಸಂಬಳ ಬೇಕು. ತೊಗರಿ, ಶೇಂಗಾ, ಸೋಯಾದ ಒಳ್ಳೆಯ ಬೀಜ ಬೇಕು, ಕೊಯ್ಲಾದ ಮೇಲೆ ಬೀಜ ವಾಪಸ್ ತಂದಿಡಲು ಊರಿನ ಬೀಜ ಭಂಡಾರ ಬೇಕು. ಎಕ್ವೆಂಡೆನಿಗೆ ಹಣ ಬಂದ ದಾರಿಗಳಲ್ಲಿ ಒಂದು ಕೆನಡಾದ ಫುಡ್‌ಗ್ರೇನ್ಸ್ ಬ್ಯಾಂಕ್. 1983ರಲ್ಲಿ ಶುರುವಾದ ಈ ಚರ್ಚ್‌ಗಳ ಒಕ್ಕೂಟಕ್ಕೆ ಅಲ್ಲಿನ ರೈತರು ಒಟ್ಟಾಗಿ ಬೆಳೆದ ಹೊಲದ ಬೆಳೆ ಮಾರಿ ಹಣ ಕೊಡುತ್ತಾರೆ. ನಿಮ್ಮಂಥ ಸಣ್ಣ ಗುಂಪುಗಳೇ ಅವೂ.

ಕಳಿಸುವ ಮೊದಲು ತಮ್ಮನನ್ನು ಒಂದು ಸಭೆಗೆ ಕಳಿಸಿ. ಪೆಟ್ಟಿಗೆ ತೆಗೆಯುವಾಗ ದುಡ್ಡನ್ನು ಎಲ್ಲರ ಮುಂದೆ ಎಣಿಸುತ್ತಾರಾ, ಕೀಲಿ ಮೂವರ ಹತ್ತಿರ ಬೇರೆ ಬೇರೆ ಇದೆಯಾ ಅಂತ ನೋಡಲಿ. ಹಾಗೇ ಯಾರದಾದರೂ ಹೊಲಕ್ಕೆ ಹೋಗಿ ಶೇಂಗಾ ಕಿತ್ತ ಜಾಗದಲ್ಲಿ ಸೊಪ್ಪು ಮಣ್ಣಲ್ಲಿ ಮುಚ್ಚಿದ್ದಾರಾ, ಸುಟ್ಟಿದ್ದಾರಾ ಅಂತಲೂ ನೋಡಲಿ. ಮೇ, ಜೂನ್‌ನಲ್ಲಿ ಹೋದರೆ ಕಾಣುತ್ತದೆ. ಅವನು ಏನು ಕಂಡ ಅಂತ ನನಗೂ ಬರೆಯಿರಿ.